ನೋಯದ ಕಣ್ಣಿಗೆ ಸಂಖ್ಯೆಯಿಲ್ಲ

ಹುಣಸೂರಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಕಾಯಿಲೆಗಳಿಗೆ ನಂಬರು ಹಾಕುವುದು. ಹಾಗೆಂದರೆ ಈಗಿನವರು ನಗುತ್ತಾರೆ, ಆಗಿನವರೂ ನಗುತ್ತಿದ್ದರು. ‘ಸಂತೇಲಿ ದನಕ್ಕೆ ಮುದ್ರೆ ಒತ್ತದಂಗಾ?’ ಎಂದು ನಮ್ಮ ಬೀದಿಯ ಹೋಟೆಲಿನವನು ಕೇಳಿದ್ದ. ಹೆಚ್ಚು ಕಡಿಮೆ ಹಾಗೆಯೇ ಅಂದೆ. ಐವತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಒಂದು ಸಲ ನಪಾಸಾಗಿ, ಇನ್ನೊಂದು ಸಲ ಕೂರುವ ಧೈರ್ಯವಿಲ್ಲದೆ, ಇಂಗ್ಲಿಷ್ ಓದಲು ಬರೆಯಲು ಬರುತ್ತದೆ ಎಂಬ ಒಂದೇ ಬಲದ ಮೇಲೆ ಆ ಕುರ್ಚಿಯಲ್ಲಿ ಕೂತಿದ್ದೆ.

ಅದು ಹೊಗೆಸೊಪ್ಪಿನ ವ್ಯಾಪಾರದಲ್ಲಿ ಚೆನ್ನಾಗಿ ದುಡಿದ ಒಂದು ಮನೆತನದವರು ನಡೆಸುತ್ತಿದ್ದ ಧರ್ಮಾಸ್ಪತ್ರೆ. ಈಗ ಅದು ಇಲ್ಲ, ಹೆಸರು ಹೇಳಿ ಪ್ರಯೋಜನವೂ ಇಲ್ಲ. ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಲ್ಲಿ ಅದರ ಚಿಕ್ಕ ಚಿಕ್ಕ ದವಾಖಾನೆಗಳಿದ್ದವು. ಮೈಸೂರಿನಲ್ಲಿ ಅದೇ ಮನೆತನದವರ ಒಂದು ಕಣ್ಣಾಸ್ಪತ್ರೆಯೂ ಇತ್ತು. ರೋಗಿಯ ಚೀಟಿಯ ಮೇಲೆ ರೋಗದ ಹೆಸರಿನ ಪಕ್ಕದಲ್ಲಿ ಅದರ ಸಂಖ್ಯೆಯೂ ಇರಬೇಕು ಎಂಬುದು ಆ ಮನೆತನದ ಹಿರಿಯರ ಹುಕುಂ. ಅದಕ್ಕಾಗಿ ಒಂದು ದಪ್ಪ ಪುಸ್ತಕ ಕೊಟ್ಟಿದ್ದರು. ದೇಶದೇಶದ ವೈದ್ಯರು ಒಂದೆಡೆ ಕೂತು, ಮನುಷ್ಯನಿಗೆ ಬರಬಹುದಾದ್ದನ್ನೆಲ್ಲ ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ಅಂಕಿ ಕೊಟ್ಟಿದ್ದರಂತೆ.

ದವಾಖಾನೆಗಳ ಚೀಟಿಗಳು ಬಸ್ ಕಂಡಕ್ಟರುಗಳ ಕೈಯಲ್ಲಿ ಕಟ್ಟುಕಟ್ಟಾಗಿ ಬರುತ್ತಿದ್ದವು. ಹೆಗ್ಗಡದೇವನಕೋಟೆಯ ಕಡೆಯಿಂದ ಬರುವುದರಲ್ಲಿ ಚಳಿಜ್ವರವೇ ಹೆಚ್ಚು. ಕಾಡಂಚಿನ ಹಾಡಿಗಳ ಗುಡಿಸಲುಗಳಲ್ಲಿ ಇರುವವರಿಗೂ ಅದೇ, ಮರ ಕಡಿಸಲು ಹೋದ ಪೇಟೆಯ ಗುತ್ತಿಗೆದಾರನಿಗೂ ಅದೇ. ಅದಕ್ಕೆ ಅಂಕಿ ಹಾಕುವುದು ಸುಲಭ. ನನಗೆ ಕಷ್ಟ ಕೊಡುತ್ತಿದ್ದವನು ಪಿರಿಯಾಪಟ್ಟಣದ ಕಾಂಪೌಂಡರು. ರೋಗಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸುವ ಪುಣ್ಯಾತ್ಮ. ‘ಕಂಪಲಾಪುರದ ವ್ಯಾಪಾರಿ, ಎದೆಯಲ್ಲಿ ಒಂಥರಾ’ ಎಂದು ಒಮ್ಮೆ ಬರೆದಿದ್ದ. ಆ ಒಂಥರಾಕ್ಕೆ ಸಂಖ್ಯೆ ಹುಡುಕಿ ಹುಡುಕಿ ಕೊನೆಗೆ ನನ್ನ ಎದೆಯಲ್ಲೇ ಒಂಥರಾ ಆಯಿತು.

ಪುಸ್ತಕದಲ್ಲಿ ಏನೇನಿರಲಿಲ್ಲ! ಎತ್ತಿನ ಗಾಡಿಯಿಂದ ಬಿದ್ದವನಿಗೆ ಒಂದು ಅಂಕಿ, ಹಾವು ಕಚ್ಚಿಸಿಕೊಂಡವನಿಗೆ ಒಂದು ಅಂಕಿ, ಬರೀ ಮುಪ್ಪಿಗೂ ಒಂದು ಅಂಕಿ. ಮುಪ್ಪಿಗೇ ನಂಬರಿದ್ದ ಮೇಲೆ ಇನ್ನೇನು ಬೇಕು ಎಂದು ನನಗೆ ಆ ಪುಸ್ತಕದ ಮೇಲೆ ಭಕ್ತಿ ಹುಟ್ಟಿತ್ತು. ಕಣ್ಣಿನ ರೋಗಗಳೆಲ್ಲ ಒಂದೇ ಕಡೆ ಗುಂಪಾಗಿದ್ದವು. ಕಣ್ಣು ಕೆಂಪಾಗಿ ಗೀಜು ಬರುವುದು, ಪೊರೆ ಬೆಳೆಯುವುದು, ಕುರುಡು ಎಲ್ಲ ಅಲ್ಲೇ. ಗ್ಲಾಕೋಮಾ ಎಂಬುದು ಮುನ್ನೂರ ಎಂಬತ್ತೇಳು. ಅದನ್ನು ನಾನು ಬರೆಯುತ್ತಿದ್ದುದು ಅಪರೂಪ. ನಮ್ಮ ಕಡೆಯವರು ಅದನ್ನು ಮೊದಲು ತಲೆನೋವು ಅನ್ನುತ್ತಿದ್ದರು, ಆಮೇಲೆ ಪಿತ್ತ ಅನ್ನುತ್ತಿದ್ದರು, ಕಣ್ಣು ಹೋದ ಮೇಲೆ ಹಣೆಬರಹ ಅನ್ನುತ್ತಿದ್ದರು.

ನನಗಿದ್ದವಳು ಒಬ್ಬಳೇ ಅಕ್ಕ. ಅವ್ವ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಸಾಲಿಗ್ರಾಮಕ್ಕೆ ಮದುವೆಯಾಗಿ ಹೋಗುವಾಗಲೂ ನನ್ನನ್ನು ಕಟ್ಟಿಕೊಂಡೇ ಹೋದಳು. ‘ತವರಿಂದ ಏನ್ ತಂದ್ಲು ಅಂದ್ರೆ ತಮ್ಮನ್ನ ತಂದ್ಲು’ ಎಂದು ಅವಳ ಅತ್ತೆ ಊರೆಲ್ಲ ಹೇಳಿಕೊಂಡು ನಗುತ್ತಿದ್ದರು. ನಗುತ್ತಲೇ ನನಗೂ ಒಂದು ತಟ್ಟೆ ಇಟ್ಟರು. ಭಾವನದು ಬೆಲ್ಲ, ಕಾಯಿ, ವಿಭೂತಿಗಟ್ಟಿ ಮಾರುವ ಸಣ್ಣ ಅಂಗಡಿ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಯಾಕೆಂದರೆ, ಮುಂದಿನದನ್ನು ಕೇಳಿದವರೆಲ್ಲ ಆ ಅತ್ತೆಯನ್ನು ಬೈಯುತ್ತಾರೆ. ದಯವಿಟ್ಟು ಬೈಯಬೇಡಿ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಬೈಯಲು ಒಬ್ಬರೂ ಸಿಗಲಿಲ್ಲವಲ್ಲ ಎಂಬುದೇ ನನಗೆ ಇವತ್ತಿಗೂ ಸಿಟ್ಟು.

ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿ, ಅಕ್ಕನಿಗೆ ನಲವತ್ತು ದಾಟಿದ ಮೇಲೆ ಒಂದು ಸಂಜೆ ಎಡಗಣ್ಣು ಕೆಂಪಾಗಿ ಸಿಡಿಯತೊಡಗಿತು. ಅರ್ಧ ತಲೆ ಒಡೆದುಹೋಗುವಂಥ ನೋವು, ಮೇಲೆ ವಾಂತಿ. ನಮ್ಮ ಕಡೆ ಕಣ್ಣುಬೇನೆ ಬಂದವರನ್ನು ಕತ್ತಲೆಯಲ್ಲಿ ಕೂರಿಸುವುದು ಹಿಂದಿನಿಂದ ಬಂದ ಪದ್ಧತಿ. ಬೆಳಕು ತಾಕಿದರೆ ಬೇನೆ ಬಲಿಯುತ್ತದೆ ಎಂದು ನಂಬಿಕೆ. ಸುಮ್ಮನೆ ಕೆಂಗಣ್ಣಾದವರಿಗೆ ಅದರಿಂದ ಹಾಯೆನಿಸುವುದೂ ನಿಜವೇ; ನಾನೇ ಚಿಕ್ಕಂದಿನಲ್ಲಿ ಹಾಗೆ ಕೂತು ವಾಸಿ ಮಾಡಿಕೊಂಡಿದ್ದೇನೆ. ಅಕ್ಕನನ್ನು ಕಿಟಕಿಯಿಲ್ಲದ ಕಣಜದ ಕೋಣೆಯಲ್ಲಿ ಕೂರಿಸಿದರು. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದರು. ಕಣ್ಣಿಗೆ ನಂದಿಬಟ್ಟಲು ಹೂವಿನ ರಸ ಬಿಟ್ಟರು, ನೆತ್ತಿಗೆ ಹರಳೆಣ್ಣೆ ಒತ್ತಿದರು. ಬೇರೆ ಯಾರನ್ನೂ ನಂಬದೆ ಅತ್ತೆ ತಾವೇ ಹೊರಗೆ ಕಾವಲು ಕೂತರು.

‘ಅತ್ತೇ, ತಲೆ ಸಿಡ್ದೋಯ್ತದೆ, ಬಾಗ್ಲು ತಗೀರಿ’ ಎಂದು ಅಕ್ಕ ಒಳಗಿನಿಂದ ಬೇಡಿದಷ್ಟೂ ಅವರು, ‘ಇನ್ನೊಸಿ ತಡ್ಕೊ ಮಗಳೇ, ಬೆಳಕು ಬಿದ್ರೆ ಕಣ್ಣೇ ಓಯ್ತದೆ’ ಎಂದು ತಾವೂ ಕಣ್ಣೀರು ಹಾಕುತ್ತ ಚಿಲಕ ಹಿಡಿದುಕೊಂಡೇ ಕೂತಿದ್ದರಂತೆ. ನೋವು ಇಳಿದು ಅಕ್ಕ ಹೊರಗೆ ಬಂದಾಗ ಎಡಗಣ್ಣು ಹೋಗಿತ್ತು.

ಸುದ್ದಿ ತಿಳಿದು ನಾನು ಓಡಿಹೋಗಿ, ಕೃಷ್ಣರಾಜನಗರದಲ್ಲಿ ಬಸ್ಸು ಬದಲಿಸಿ, ಅವಳನ್ನು ಹುಣಸೂರಿಗೆ ಕರೆತಂದೆ. ಅತ್ತೆಯೂ ಭಾವನೂ ಜೊತೆಗೆ ಬಂದರು. ನಮ್ಮ ಆಸ್ಪತ್ರೆಯ ಡಾಕ್ಟರು ಮೈಸೂರಿನವರು. ಚಿಕ್ಕ ವಯಸ್ಸಿನವರಲ್ಲ, ಆದರೂ ಹೊಸ ಪುಸ್ತಕಗಳನ್ನು ತರಿಸಿ ಓದುವ ಹುಚ್ಚಿತ್ತು. ಎಡಗಣ್ಣನ್ನು ಒಮ್ಮೆ ನೋಡಿ ಬಿಟ್ಟರು. ಬಲಗಣ್ಣು ನೋಡುವಾಗ ಟಾರ್ಚನ್ನು ಎದುರಿಗೆ ಹಿಡಿಯದೆ ಕಿವಿಯ ಕಡೆಯಿಂದ ಅಡ್ಡಡ್ಡಲಾಗಿ ಹಿಡಿದರು. ನನ್ನನ್ನು ಕರೆದು ನೋಡಿ ಅಂದರು. ಕಣ್ಣಿನ ಅರ್ಧ ಭಾಗ ಬೆಳಗಿತ್ತು. ಮೂಗಿನ ಕಡೆಯ ಅರ್ಧ ನೆರಳಿನಲ್ಲಿ ಉಳಿದಿತ್ತು.

ಆಮೇಲೆ ನನ್ನನ್ನು ಒಳಗೆ ಕೂರಿಸಿಕೊಂಡು ಹೇಳಿದರು: ‘ನೋಡಿ, ಕಣ್ಣೊಳಗೆ ಸದಾ ಒಂದಿಷ್ಟು ನೀರು ಊರ್ತಾ ಇರುತ್ತೆ. ಅದು ಹರಿದುಹೋಗೋಕೆ ಮೂಲೇಲಿ ಒಂದು ಸಂದಿರುತ್ತೆ, ಕೆರೆಗೆ ತೂಬು ಇದ್ದ ಹಾಗೆ. ನಿಮ್ಮಕ್ಕನಿಗೆ ಎರಡು ಕಣ್ಣಲ್ಲೂ ಆ ಸಂದು ತುಂಬ ಇಕ್ಕಟ್ಟು, ನೀವು ನೋಡಿದ ನೆರಳು ಅದರ ಗುರುತೇ. ಕತ್ತಲಾದರೆ ಯಾರಿಗೇ ಆಗಲಿ ಪಾಪೆ ಅಗಲ ಆಗುತ್ತೆ. ಇವರಿಗೆ ಹಾಗೆ ಅಗಲ ಆದಾಗ ಪಾಪೆ ಸುತ್ತ ಇರೋ ಪರದೆ ಮುದುರಿಕೊಂಡು ಹೋಗಿ ತೂಬಿಗೆ ಅಡ್ಡ ಕೂತ್ಕೊಳ್ಳುತ್ತೆ. ನೀರು ನಿಂತು, ಒಳಗೆ ಒತ್ತಡ ಏರಿ ಕಣ್ಣು ಕಲ್ಲಿನ ಹಾಗಾಗುತ್ತೆ.’

‘ಹಾಗಾದರೆ ಆ ಕತ್ತಲೆ ಕೋಣೆ...’ ಎಂದೆ.

‘ಮೆಲ್ಲಗೆ ಮಾತಾಡಿ’ ಅಂದರು ಡಾಕ್ಟರು. ‘ಅವರತ್ತೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ.’

ಅದನ್ನು ನಾನು ಆ ಅತ್ತೆಗೆ ಕೊನೆಯವರೆಗೂ ಹೇಳಲಿಲ್ಲ. ಅಕ್ಕನಿಗೆ ಹೇಳಿದೆ. ಅವಳೂ ಹೇಳಲಿಲ್ಲ. ಸೊಸೆಯ ಕಣ್ಣು ಉಳಿಸಲು ಸಾಧ್ಯವಾದದ್ದೆಲ್ಲ ಮಾಡಿದೆ ಎಂದುಕೊಂಡೇ ಆ ಹಿರಿಯ ಜೀವ ಹೋಯಿತು.

ಬಲಗಣ್ಣಿಗೆ ಇನ್ನೂ ಏನೂ ಆಗಿರಲಿಲ್ಲ. ಆದರೆ ಇವತ್ತಲ್ಲ ನಾಳೆ ಅದಕ್ಕೂ ಅದೇ ಗತಿ ಎಂದು ಡಾಕ್ಟರು ಖಚಿತವಾಗಿ ಹೇಳಿದರು. ಅಷ್ಟರೊಳಗೆ ಪಾಪೆಯ ಸುತ್ತಿನ ಪರದೆಯ ಅಂಚಿನಲ್ಲಿ ಒಂದು ಸಣ್ಣ ಕಿಂಡಿ ಕತ್ತರಿಸಿಬಿಟ್ಟರೆ ನೀರಿಗೆ ಬೇರೆ ದಾರಿಯಾಗುತ್ತದೆ, ಕಣ್ಣು ಉಳಿಯುತ್ತದೆ. ಆ ಶಸ್ತ್ರಚಿಕಿತ್ಸೆ ಮಾಡುವವರು ಮೈಸೂರಿನ ನಮ್ಮ ಕಣ್ಣಾಸ್ಪತ್ರೆಯಲ್ಲಿದ್ದರು. ಬೇರೆ ಕಡೆ ಹೋಗುವ ಶಕ್ತಿ ನಮಗಿರಲಿಲ್ಲ.

ಭಾವ ಒಪ್ಪಲಿಲ್ಲ. ‘ನೋಯ್ದೇ ಇರೋ ಕಣ್ಗೆ ಕತ್ತರಿ ಆಕ್ಸದಾ? ನೀನು ಓದ್ದೋನು ಕಣಪ್ಪ, ನಾನು ಇಲ್ಲ ಅನ್ನಾಕಿಲ್ಲ. ಆದ್ರೆ ಇರೋದೊಂದು. ಅದೂ ಓದ್ರೆ ಇವಳ್ನ ಏನ್ ಮಾಡ್ಲಿ?’ ಎಂದರು. ನಾನು ಎದುರಾಡಲಿಲ್ಲ. ಮೊದಲು ಹಾಸಿಗೆ ಸಿಗಲಿ, ಆಮೇಲೆ ಒಪ್ಪಿಸೋಣ ಎಂದುಕೊಂಡೆ. ಹಾಸಿಗೆ ಸಿಗುವುದಿಲ್ಲ ಎಂದು ಕನಸಿನಲ್ಲೂ ನೆನೆಸಿರಲಿಲ್ಲ.

ಡಾಕ್ಟರು ಪಾಪೆಯನ್ನು ಚಿಕ್ಕದಾಗಿ ಇಡುವ ಒಂದು ಹನಿ ಔಷಧಿ ಕೊಟ್ಟು, ಹಾಸಿಗೆ ಸಿಗುವವರೆಗೆ ಕತ್ತಲು ಸೋಕದಂತೆ ನೋಡಿಕೊಳ್ಳಿ ಎಂದರು. ಭಾವ ಮತ್ತು ಅತ್ತೆ ಅಂಗಡಿ ನೋಡಲು ಹಿಂದಿರುಗಿದರು. ಅಕ್ಕ ನನ್ನ ಬಾಡಿಗೆ ಮನೆಯಲ್ಲಿ ಉಳಿದಳು. ಮನೆಯೆಂದರೆ ಲಕ್ಷ್ಮಣತೀರ್ಥದ ಸೇತುವೆಯ ಹತ್ತಿರ ಒಂದು ಕೋಣೆ, ಹಿಂದೆ ಹೊಗೆ ಹಿಡಿದ ಒಂದು ಒಲೆ. ಕತ್ತಲು ಅಂದರೆ ಎಷ್ಟು ಕಡೆ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗ. ಒಲೆಯ ಮೂಲೆ ಕತ್ತಲು. ಬಚ್ಚಲು ಕತ್ತಲು. ದೇವಸ್ಥಾನದ ಗರ್ಭಗುಡಿ ಕತ್ತಲು. ಮೋಡ ಮುಚ್ಚಿಕೊಂಡರೆ ಊರೇ ಕತ್ತಲು. ದಿನವಿಡೀ ಅವಳು ಹೊಸ್ತಿಲ ಮೇಲೆ ಬಿಸಿಲಿಗೆ ಮುಖವಿಟ್ಟು ಕೂತಿರುತ್ತಿದ್ದಳು. ಹೊತ್ತು ಇಳಿಯತೊಡಗಿದರೆ ನಾನು ಆಸ್ಪತ್ರೆಯಿಂದ ಓಡಿಬಂದು ಲಾಂದ್ರ ಹಚ್ಚುತ್ತಿದ್ದೆ. ಹೊಲ, ಕೊಟ್ಟಿಗೆ, ಅಂಗಡಿ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡಿದ್ದವಳು ಹೊಸ್ತಿಲು ಬಿಟ್ಟು ಏಳದಂತಾದಳು.

‘ಅಲ್ಲಿ ಕತ್ಲೇಗೆ ಕೂಡಾಕಿದ್ರು, ಇಲ್ಲಿ ಬೆಳಕ್ಗೆ ಕೂಡಾಕಿದ್ದೀಯ’ ಎಂದು ಒಂದು ದಿನ ಅಂದಳು. ತಮಾಷೆಗೇ ಅಂದದ್ದು. ನಾನು ಎದ್ದು ಲಾಂದ್ರದ ಬತ್ತಿ ಏರಿಸಿದೆ.

ಈಗ ಆ ಚೀಟಿಯ ವಿಷಯ. ಮೈಸೂರಿನ ಕಣ್ಣಾಸ್ಪತ್ರೆಗೆ ನಾಲ್ಕೂ ತಾಲ್ಲೂಕಿನಿಂದ ಪೊರೆಯ ಕಣ್ಣಿನವರು ಸಾಲುಗಟ್ಟಿ ಬರುತ್ತಿದ್ದರು, ಹಾಸಿಗೆಗಳು ಬೆರಳೆಣಿಕೆ. ಆದ್ದರಿಂದ ಚೀಟಿಯನ್ನು ಮೊದಲೇ ಕಳಿಸಬೇಕು. ಅಲ್ಲಿನ ಗುಮಾಸ್ತ ಒಂದೊಂದು ಕಣ್ಣಿನ ಸಂಖ್ಯೆ ನೋಡಿ ಹಾಸಿಗೆ ಗೊತ್ತು ಮಾಡುತ್ತಿದ್ದ. ಡಾಕ್ಟರು ಅಕ್ಕನ ಚೀಟಿ ಬರೆದು ನನ್ನ ಮುಂದಿಟ್ಟರು. ಎಡಗಣ್ಣಿಗೆ ಮುನ್ನೂರ ಎಂಬತ್ತೇಳು, ಬರೆದೆ. ಬಲಗಣ್ಣಿನ ಎದುರು ಡಾಕ್ಟರು, ‘ಸಂದು ಇಕ್ಕಟ್ಟು, ಒತ್ತಡ ಸರಿಯಾಗಿದೆ, ಇನ್ನೂ ನೋವು ಬಂದಿಲ್ಲ’ ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದರು. ನಾನು ಪುಸ್ತಕ ತೆಗೆದೆ.

ಇಕ್ಕಟ್ಟಿಗೆ ಸಂಖ್ಯೆ ಇರಲಿಲ್ಲ. ಸಂದು ಅಗಲವಿದ್ದು ಬರುವ ಗ್ಲಾಕೋಮಾ ಬೇರೆ, ಸಂದು ಕಿರಿದಾಗಿ ಬರುವುದು ಬೇರೆ ಎಂದು ಡಾಕ್ಟರು ನನಗೆ ಚೆನ್ನಾಗಿ ತಿಳಿಸಿಕೊಟ್ಟಿದ್ದರು. ಪುಸ್ತಕಕ್ಕೆ ಎರಡೂ ಒಂದೇ. ಅದಾದರೂ ಚಿಂತೆಯಿಲ್ಲ. ರೋಗ ಬರಲಿರುವ ಕಣ್ಣು ಎಂಬುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಹಿಂದೆ ಮುಂದೆ ಎಲ್ಲ ಪುಟ ತಿರುವಿದೆ. ಗಾಡಿಯಿಂದ ಬಿದ್ದವನಿಗೆ ಅಂಕಿ ಕೊಟ್ಟ ಮಹನೀಯರು, ಗಾಡಿಯ ಅಂಚಿನಲ್ಲಿ ಕೂತು ಬೀಳಲಿರುವವಳಿಗೆ ಏನೂ ಕೊಟ್ಟಿರಲಿಲ್ಲ. ಕೊನೆಗೆ ಬಲಗಣ್ಣಿನ ಎದುರು ಒಂದು ಗೆರೆ ಎಳೆದು ಕಳಿಸಿದೆ.

ಚೀಟಿ ವಾಪಸು ಬಂತು. ‘ಬಲಗಣ್ಣು: ರೋಗವಿಲ್ಲ. ಎಡಗಣ್ಣು: ದೃಷ್ಟಿಯಿಲ್ಲ, ಶಸ್ತ್ರಚಿಕಿತ್ಸೆಯಿಂದ ಫಲವಿಲ್ಲ. ಹಾಸಿಗೆ ಬೇಕಾಗಿಲ್ಲ.’

ಮೈಯೆಲ್ಲ ಉರಿದುಹೋಯಿತು. ಆ ಗುಮಾಸ್ತನನ್ನು ಹಿಡಿದು ನಾಲ್ಕು ತದಕಬೇಕು ಅನ್ನಿಸಿತು. ಮರುಕ್ಷಣ ಅನ್ನಿಸಿತು, ಅವನ ಕುರ್ಚಿಯಲ್ಲಿ ನಾನಿದ್ದಿದ್ದರೆ ಬೇರೆ ಏನು ಬರೆಯುತ್ತಿದ್ದೆ? ಅವನ ಮುಂದೆ ಪೊರೆ ಬಂದು ತಡವರಿಸುವವರ ಚೀಟಿಗಳ ರಾಶಿಯೇ ಇತ್ತು. ಇವಳದು ಒಂದು ಸತ್ತ ಕಣ್ಣು, ಒಂದು ಒಳ್ಳೆಯ ಕಣ್ಣು. ಎರಡಕ್ಕೂ ಹಾಸಿಗೆ ಬೇಡ. ಸರಿಯಾಗಿಯೇ ಇತ್ತು. ಪೂರ್ತಿ ಸರಿಯಾಗಿದ್ದದ್ದರಿಂದಲೇ ಹೊರಗೆ ಬರುವ ದಾರಿ ಕಾಣಲಿಲ್ಲ. ರೋಗ ಬಂದರೆ ಸಂಖ್ಯೆ ಬರುತ್ತದೆ, ಸಂಖ್ಯೆ ಬಂದರೆ ಹಾಸಿಗೆ ಸಿಗುತ್ತದೆ. ಆದರೆ ಅವಳಿಗೆ ರೋಗ ಬರುವುದೆಂದರೆ ಇರುವ ಇನ್ನೊಂದು ಕಣ್ಣೂ ಹೋಗುವುದು. ಆಮೇಲೆ ಹಾಸಿಗೆ ತೆಗೆದುಕೊಂಡು ಏನು ಮಾಡುವುದು?

‘ಬಲಗಣ್ಣಿಗೂ ಅದೇ ಸಂಖ್ಯೆ ಹಾಕಿ ಕಳಿಸಿಬಿಡ್ತೀನಿ ಸಾರ್’ ಎಂದು ಡಾಕ್ಟರಿಗೆ ನೇರವಾಗಿಯೇ ಹೇಳಿದೆ.

‘ಕಳಿಸಿ’ ಅಂದರು. ‘ಅಲ್ಲಿ ಸರ್ಜನ್ನು ಮೊದಲು ಒತ್ತಡ ಅಳೀತಾರೆ. ಸರಿಯಾಗಿರುತ್ತೆ. ನಿಮ್ಮಕ್ಕನ್ನ ಮುಂದಿನ ಬಸ್ಸಿಗೇ ಹತ್ತಿಸ್ತಾರೆ. ಆಮೇಲೆ ಹುಣಸೂರಿನ ಚೀಟಿ ಅಂದರೆ ಯಾರೂ ನಂಬಲ್ಲ. ನಿಜವಾಗಿ ಕಣ್ಣು ಹೋಗ್ತಿರೋವ್ರು ಬಂದಾಗ ಏನು ಮಾಡ್ತೀರಿ?’

ಅವರು ಕೈ ತೊಳೆದು, ಒರೆಸಿಕೊಂಡು, ಮತ್ತೆ ತೊಳೆದರು. ಕಷ್ಟದ ಮಾತಿಗೆ ಮುಂಚೆ ಅವರದು ಅದೇ ಅಭ್ಯಾಸ.

‘ಒಂದು ದಾರಿ ಇದೆ ಕಣ್ರೀ. ಕೇಳಿದರೆ ನೀವು ನನ್ನ ಮೇಲೆ ರೇಗ್ತೀರಿ. ಹನಿ ನಿಲ್ಲಿಸಿ, ಅವರನ್ನ ಒಂದು ಗಂಟೆ ಕತ್ತಲಲ್ಲಿ ಕೂರಿಸಬೇಕು. ನಿದ್ದೆ ಮಾಡಬಾರದು, ನಿದ್ದೆಯಲ್ಲಿ ಪಾಪೆ ಚಿಕ್ಕದಾಗಿಬಿಡುತ್ತೆ. ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಒತ್ತಡ ಅಳೀತೀನಿ. ಏರಿದರೆ ಅದು ರೋಗವೇ. ಎರಡೂ ಅಳತೆ ಹಾಕಿ ನಾನು ಕೈಯಾರೆ ಬರೀತೀನಿ, ನೀವು ಸಂಖ್ಯೆ ಹಾಕಿ. ಯಾವ ಸರ್ಜನ್ನೂ ಇಲ್ಲ ಅನ್ನೋ ಹಾಗಿಲ್ಲ. ತಕ್ಷಣ ಔಷಧಿ ಹಾಕಿ ಇಳಿಸ್ತೀನಿ, ಪಕ್ಕದಲ್ಲೇ ಇರ್ತೀನಿ.’

‘ಇಳೀದಿದ್ರೆ?’

‘ಇಳಿಯುತ್ತೆ’ ಅಂದರು. ಆದರೆ ನನ್ನ ಮುಖ ನೋಡಿ ಹೇಳಲಿಲ್ಲ.

ಆ ಸಂಜೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಯೋಚನೆ ಒಂದೇ. ಯಾವ ಕತ್ತಲೆ ಅವಳ ಕಣ್ಣು ತಿಂದಿತೋ ಅದೇ ಕತ್ತಲೆಗೆ ಮತ್ತೆ ಹೋಗಿ ಕೂರು ಎಂದು ಎರಡು ಕಣ್ಣಲ್ಲಿ ಒಂದನ್ನು ಕಳೆದುಕೊಂಡವಳಿಗೆ ಹೇಗೆ ಹೇಳುವುದು? ಸುತ್ತಿ ಬಳಸಿ ಹೇಳಿದೆ. ತೂಬು, ಕೆರೆ, ಸಂಖ್ಯೆ, ಹಾಸಿಗೆ ಎಲ್ಲ ಹೇಳಿದೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಕೈ ನಿಂತಿತು.

‘ನೀನು ಒಳಗೆ ಇರ್ತೀಯಾ?’

‘ಇರ್ತೀನಿ.’

‘ಚಿಲ್ಕ ಯಾವ ಕಡೇಲೈತೆ?’

ನಾನು ಅದನ್ನು ಗಮನಿಸಿರಲಿಲ್ಲ. ಕೂರಿಸಬೇಕೆಂದಿದ್ದದ್ದು ಔಷಧಿಯ ಉಗ್ರಾಣದಲ್ಲಿ. ಉಗ್ರಾಣಕ್ಕೆ ಚಿಲಕ ಹೊರಗಡೆಯೇ ಇರುವುದು. ಹಾಗೆಂದೆ.

‘ಅಂಗಾರೆ ಚಿಲ್ಕ ಆಕ್ಕೂಡದು. ಬಾಗ್ಲು ಸುಮ್ನೆ ಎಳ್ಕಳ್ರಿ ಸಾಕು. ಯಾವಾಗ ಬೇಕಾದ್ರೂ ಎದ್ದು ಬರ್ಬೋದು ಅಂತ ಗೊತ್ತಿದ್ರೆ ಕೂತ್ಕತೀನಿ’ ಎಂದು ಮತ್ತೆ ಅಕ್ಕಿಗೆ ಕೈ ಹಾಕಿದಳು.

ಮಾರನೆಯ ದಿನ ಹೊರರೋಗಿಗಳು ಹೋದ ಮೇಲೆ, ಮಧ್ಯಾಹ್ನದ ಬಿರುಬಿಸಿಲಿನಲ್ಲಿ, ಉಗ್ರಾಣದ ಕಿಟಕಿಗೆ ಕಂಬಳಿ ಹೊದಿಸಿದೆವು. ಡಾಕ್ಟರು ಒತ್ತಡ ಅಳೆದರು. ಸರಿಯಾಗಿತ್ತು. ಎರಡು ಸ್ಟೂಲು ಹಾಕಿ, ಬಾಗಿಲು ಎಳೆದುಕೊಂಡು ಅವರು ಹೊರಗೆ ಕೂತರು. ಚಿಲಕ ಹಾಕಲಿಲ್ಲ ಎಂದು ಅಕ್ಕನಿಗೆ ಕೇಳಿಸುವಂತೆ ಕೂಗಿ ಹೇಳಿದರು.

ಮೊದಲು ಅವಳ ಉಸಿರು ಮಾತ್ರ ಕೇಳಿಸುತ್ತಿತ್ತು. ನನ್ನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಿದ್ದಳು. ನೆಲ ತೊಳೆಯುವ ಕಾರ್ಬಾಲಿಕ್ಕಿನ ವಾಸನೆ, ಸೆಖೆ, ಕತ್ತಲು. ನಿದ್ದೆ ಬಾರದಿರಲಿ ಎಂದು ನಾನು ಬಾಯಿಗೆ ಬಂದದ್ದೆಲ್ಲ ಮಾತಾಡಿದೆ. ಹನಗೋಡಿನ ಕಡೆ ಹೊಳೆಯಲ್ಲಿ ಈಜಲು ಹೋಗಿ ನಾನು ಪಂಚೆ ಕಳೆದುಕೊಂಡದ್ದು, ‘ಎದೆಯಲ್ಲಿ ಒಂಥರಾ’ ವ್ಯಾಪಾರಿಯ ಕಥೆ. ಅವಳು ಹ್ಞೂಂಗುಟ್ಟುತ್ತಿದ್ದಳು. ಮಧ್ಯೆ ತಾನೇ ಮಾತಿಗೆ ಬಂದಳು.

‘ಒಂದು ಇಸ್ಯ ಹೇಳ್ತೀನಿ, ಡಾಕ್ಟ್ರಿಗೆ ಹೇಳ್ಬೇಡ. ಆ ಕಣ್ಣು ಓಗೋಕ್ ಮುಂಚೆ ಸಂಜೆ ದೀಪ ಹಚ್ಚುವಾಗ ದೀಪದ್ ಸುತ್ತ ಕಾಮನಬಿಲ್ಲು ಕಾಣ್ಸದು. ಬಣ್ಣಬಣ್ಣದ್ ಬಳೆ ಇಟ್ಟಂಗೆ. ಸಿವ ನನಗೊಬ್ಳಿಗೇ ಕಾಣಿಸ್ಕತವ್ನೆ ಅಂತ ಯಾರ್ಗೂ ಹೇಳ್ನಿಲ್ಲ. ಕೈ ಮುಗೀತಿದ್ದೆ.’

ಆ ಬಣ್ಣದ ಬಳೆ ಈ ರೋಗದ ಮೊದಲ ಗುರುತು. ಡಾಕ್ಟರು ಅದನ್ನು ಮೊದಲ ದಿನವೇ ಕೇಳಿದ್ದರು. ಬಲಗಣ್ಣಿಗೆ ಯಾವತ್ತೂ ಕಂಡಿಲ್ಲ ಎಂದು ಇವಳು ಹೇಳಿದ್ದಳು.

‘ಈ ಕಣ್ಗೆ ಕಂಡಿಲ್ವಾ, ದಿಟ್ವಾಗಿ ಹೇಳು’ ಎಂದೆ.

‘ಒಂದೆರಡ್ ಸಲ ಕಂಡಿತ್ತು ಕಣ್ಲಾ. ಬಾಯ್ಬುಟ್ಟು ಹೇಳಿದ್ರೆ ದಿಟ ಆಗ್ಬುಡ್ತದೆ ಅಂತ ಸುಮ್ನಾದೆ.’

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೌದಾ, ಹಾಗಾದರೆ ಏರುತ್ತದೆ, ಖಂಡಿತ ಏರುತ್ತದೆ ಎಂದು ಒಳಗೊಳಗೇ ಆಸೆ ಚಿಗುರಿತು. ಅಲ್ಲಿಂದ ಮುಂದೆ ನನ್ನ ಬಾಯಿ ಏನೋ ಕಥೆ ಹೇಳುತ್ತಿದ್ದರೂ ಮನಸ್ಸು ಒಂದನ್ನೇ ಜಪಿಸುತ್ತಿತ್ತು. ಅವಳು ‘ಹುಬ್ಬಿನ್ ಮ್ಯಾಲೆ ಒಸಿ ಭಾರ ಆಯ್ತದೆ’ ಅಂದಾಗ ಎದೆ ಹಾರಿತು. ‘ಈಗ ಜಾಸ್ತಿ ಆಯ್ತದೆ ಕಣ್ಲಾ’ ಅಂದಾಗ ಕುಣಿಯುವಂತಾಯಿತು. ‘ನಾನು ಎದ್ದು ಬರ್ಲಾ?’ ಎಂದು ಕೇಳಿದಳು.

‘ಇನ್ನೊಸಿ ತಡ್ಕೊ ಅಕ್ಕಾ’ ಎಂದೆ.

ಹೇಳಿದ ಮೇಲೆ, ಅದು ಕಣಜದ ಕೋಣೆಯ ಹೊರಗೆ ಚಿಲಕ ಹಿಡಿದು ಕೂತವರ ಮಾತು ಎಂದು ನೆನಪಾಯಿತು. ಅವಳಿಗೂ ನೆನಪಾಗಿರಬೇಕು. ಆದರೂ ಏಳಲಿಲ್ಲ. ಚಿಲಕವಿಲ್ಲದ ಬಾಗಿಲು ಕೈಯಳತೆಯಲ್ಲಿತ್ತು. ನನ್ನ ಮಾತಿಗೆ ಕಟ್ಟುಬಿದ್ದು ಕೂತಳು.

ಗಂಟೆ ತುಂಬಿದಾಗ ಡಾಕ್ಟರು ಬಾಗಿಲು ತಟ್ಟಿ, ಟಾರ್ಚಿಗೆ ಕೆಂಪು ಬಟ್ಟೆ ಸುತ್ತಿಕೊಂಡು ಒಳಬಂದರು. ಅವಳನ್ನು ಮಲಗಿಸಿ, ಕಣ್ಣಿನ ಮೇಲೆ ಅಳತೆಯ ಪುಟ್ಟ ಉಪಕರಣ ಇಟ್ಟು ಬಗ್ಗಿ ನೋಡಿದರು. ಮತ್ತೊಮ್ಮೆ ಇಟ್ಟು ನೋಡಿದರು.

‘ಏರಿದೆ ಕಣ್ರೀ. ಚೆನ್ನಾಗಿ ಏರಿದೆ’ ಅಂದರು. ಆಮೇಲೆ ಗಡಿಬಿಡಿಯಲ್ಲಿ ಔಷಧಿಯ ಹನಿ ಬಿಟ್ಟರು, ಮಾತ್ರೆ ನುಂಗಿಸಿದರು, ಕಿಟಕಿಯ ಕಂಬಳಿ ಕಿತ್ತೆಸೆಯಲು ಹೇಳಿದರು. ನಾನು ಕಂಬಳಿ ಎಳೆದೆ. ಬಿಸಿಲು ನುಗ್ಗಿ ಬಂತು. ನನಗೆ ತಡೆಯಲಾಗಲಿಲ್ಲ, ಜೋರಾಗಿ ನಕ್ಕುಬಿಟ್ಟೆ. ಡಾಕ್ಟರೂ ನಗುತ್ತಿದ್ದರು. ಪರೀಕ್ಷೆಯಲ್ಲಿ ಪಾಸಾದ ಹುಡುಗರಂತೆ ನಾವಿಬ್ಬರೂ ಆ ಉಗ್ರಾಣದಲ್ಲಿ ನಿಂತು ನಗುತ್ತಿದ್ದೆವು.

ಅಕ್ಕ ಮಲಗಿದಲ್ಲಿಂದಲೇ ನನ್ನತ್ತ ಮುಖ ತಿರುಗಿಸಿದಳು. ಆ ಒಂದೇ ಕಣ್ಣು ಕೆಂಪಾಗಿ ನೀರು ಸುರಿಸುತ್ತಿತ್ತು.

‘ಯಾಕ್ಲಾ ನಗ್ತೀಯ?’

‘ಅಕ್ಕಾ, ಏರ್ತು. ನಂಬರು ಸಿಕ್ತು. ಹಾಸ್ಗೆ ಸಿಗ್ತದೆ.’

‘ಅಂಗಂದ್ರೆ ಈ ಕಣ್ಣೂ ಕೆಟ್ಟೈತೆ ಅಂತ ತಾನೆ?’

ನಾನು ಕೆಳಗೆ ಬಿದ್ದಿದ್ದ ಕಂಬಳಿ ಎತ್ತಿಕೊಂಡೆ.

‘ಅಷ್ಟೊತ್ತೂ ನಾನು ಕತ್ಲೇಲಿ ಕೂತ್ಕಂಡು, ಸಿವನೇ, ಇದೊಂದು ಚೆಂದಾಗಿರ್ಲಿ, ಏರ್ದೇ ಇರ್ಲಿ ಅಂತ ಬೇಡ್ಕತಿದ್ದೆ’ ಅಂದಳು. ‘ನೀನು ಪಕ್ಕದಲ್ಲೇ ಇದ್ದಲ್ಲಾ, ನೀನ್ ಏನ್ ಬೇಡ್ಕತಿದ್ದೆ?’

ಡಾಕ್ಟರು ಕೈ ತೊಳೆಯಲು ಹೊರಗೆ ಹೋದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಎಡಗಣ್ಣು ಹೋದಾಗ ಅವಳು ಅತ್ತಿರಲೇ ಇಲ್ಲ ಎಂದು ಭಾವ ಆಮೇಲೆ ಹೇಳಿದರು. ಹನಿ ಹಾಕಿದ ಕಣ್ಣು ಅಳಬಾರದು ಎಂದು ನನಗೆ ಗೊತ್ತಿತ್ತು. ಅಳಬೇಡ ಅನ್ನಲು ಯಾವ ಮುಖವಿತ್ತು? ಕಂಬಳಿ ಮಡಿಸುತ್ತ ನಿಂತಿದ್ದೆ. ಸಂಜೆಯ ಹೊತ್ತಿಗೆ ನೋವು ಇಳಿಯಿತು, ಒತ್ತಡವೂ ಇಳಿಯಿತು. ಡಾಕ್ಟರು ಎರಡೂ ಅಳತೆ ಬರೆದ ಚೀಟಿಯ ಮೇಲೆ, ಬಲಗಣ್ಣಿನ ಎದುರು, ನಾನು ಮುನ್ನೂರ ಎಂಬತ್ತೇಳು ಬರೆದೆ. ನನ್ನ ಅಕ್ಷರ ಯಾವತ್ತೂ ದುಂಡಗೆ ಇರುತ್ತಿತ್ತು. ಅವತ್ತು ಎಂಟು ಸೊಟ್ಟಗಾಯಿತು.

ಮೈಸೂರಿನಿಂದ ಬೇಗನೆ ಒಪ್ಪಿಗೆ ಬಂತು. ಭಾವನದೂ ತಕರಾರಿರಲಿಲ್ಲ. ‘ಓ, ಕಾಯ್ಲೆ ಐತೆ ಅನ್ನು. ಮೊದ್ಲೇ ಅಂಗಂದಿದ್ರೆ ಆಗ್ತಿತ್ತಪ್ಪ, ನಾನ್ಯಾಕೆ ಬ್ಯಾಡ ಅಂತಿದ್ದೆ?’ ಎಂದರು. ಅವರಿಗೂ ಕೊನೆಗೆ ನಂಬರೇ ಬೇಕಾಗಿತ್ತು.

ಶಸ್ತ್ರಚಿಕಿತ್ಸೆಯ ನಂತರ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ಅಲುಗಾಡದಂತೆ ಮಲಗಿಸಿದ್ದರು. ಆ ದಿನಗಳಲ್ಲಿ ಅಕ್ಕ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಗಂಜಿ ಕುಡಿಸಿದರೆ ಕುಡಿಯುತ್ತಿದ್ದಳು. ನನ್ನ ಕೈ ಹಿಡಿಯಲಿಲ್ಲ. ಕಣ್ಣು ಉಳಿಯುತ್ತದೋ ಇಲ್ಲವೋ ಎಂಬ ಭಯ ಒಂದು ಕಡೆ, ಉಳಿದರೂ ನನ್ನನ್ನು ಮೊದಲಿನಂತೆ ನೋಡುತ್ತಾಳೋ ಇಲ್ಲವೋ ಎಂಬ ಭಯ ಇನ್ನೊಂದು ಕಡೆ. ಎರಡನೆಯದನ್ನು ಯಾರಿಗೂ ಹೇಳುವಂತಿರಲಿಲ್ಲ.

ಪಟ್ಟಿ ಬಿಚ್ಚುವ ಬೆಳಿಗ್ಗೆ ನಾವೆಲ್ಲ ಹಾಸಿಗೆಯ ಸುತ್ತ ನಿಂತಿದ್ದೆವು. ನರ್ಸು ಹತ್ತಿಯನ್ನು ಮೆಲ್ಲಗೆ ತೆಗೆದಳು. ಅಕ್ಕ ರೆಪ್ಪೆ ಬಡಿದಳು, ಮತ್ತೆ ಬಡಿದಳು. ಭಾವನನ್ನು ನೋಡಿ, ‘ಗಡ್ಡ ಯಾಕ್ರೀ ಬುಟ್ಕಂಡಿದ್ದೀರ?’ ಎಂದು ಕೇಳಿದಳು. ಅತ್ತೆ ಗೊಳೋ ಎಂದು ಅಳುತ್ತ ಅವಳ ಪಾದ ತಡವಿದರು. ಆಮೇಲೆ ಅವಳ ಕಣ್ಣು, ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ಹುಡುಕಿತು. ತುಂಬ ಹೊತ್ತು ನೋಡಿದಳು, ಚಿಕ್ಕಂದಿನಲ್ಲಿ ನಾನು ಬಿದ್ದು ಬಂದಾಗ ಎಲ್ಲಿ ತರಚಿದೆ ಎಂದು ನೋಡುತ್ತಿದ್ದಳಲ್ಲ, ಹಾಗೆ.

‘ಈಗ ನಗು ಕಣ್ಲಾ’ ಅಂದಳು.

ನನ್ನ ಕೈಲಾಗಲಿಲ್ಲ. ಅವಳ ಮಂಚದ ಪಕ್ಕ ಕುಸಿದು, ಮಗುವಿನ ಹಾಗೆ ಅತ್ತುಬಿಟ್ಟೆ.